ಹಳದಿ ಬಟ್ಟೆಯೊಳಗಿನ ಎಂಜಿನ್

ನನ್ನ ಬಾಲ್ಯದ ಮಧ್ಯಾಹ್ನಗಳು ಹೆಚ್ಚಾಗಿ ಕಳೆದದ್ದು ನಿಂತ ಕಾರೊಂದರ ಒಳಗೆ. ಅಪ್ಪ ಬಸವನಗುಡಿಯ ದೊಡ್ಡ ಮನೆಯೊಂದರಲ್ಲಿ ಡ್ರೈವರ್ ಆಗಿದ್ದ. ಆ ಮನೆಯ ಹಿತ್ತಲಲ್ಲಿ ಹೆಂಚಿನ ಶೆಡ್ಡು, ಅದರೊಳಗೆ ಆ ಕಾರು. ಎರಡನೇ ಮಹಾಯುದ್ಧಕ್ಕೂ ಮುಂಚೆ ಅಮೆರಿಕದಿಂದ ಹಡಗಿನಲ್ಲಿ ಬಂದದ್ದಂತೆ. ಎಂಟು ಸಿಲಿಂಡರು, ಒಂದರ ಹಿಂದೆ ಒಂದು ಸಾಲಾಗಿ. ಅದರ ಬಾನೆಟ್ಟು ಚಾಮರಾಜಪೇಟೆಯ ನಮ್ಮ ವಠಾರದ ಮನೆಯ ನಡುಮನೆಗಿಂತ ಉದ್ದ ಎಂದು ನಾನು ಸ್ಕೂಲಿನಲ್ಲಿ ಹೇಳಿದ್ದಕ್ಕೆ ಯಾರೂ ನಂಬಲಿಲ್ಲ. ನಿಜಕ್ಕೂ ಅಷ್ಟೇ ಇತ್ತು, ನಾನು ದಾರ ಹಿಡಿದು ಅಳೆದಿದ್ದೆ.

ಒಡೆದ ಹೆಂಚಿನ ಸಂದಿಯಿಂದ ಬಿಸಿಲು ಇಳಿದು ಗಾಜಿನ ಮೇಲೆ ಕೂರುತ್ತಿತ್ತು. ಧೂಳು ಅದರೊಳಗೆ ನಿಧಾನವಾಗಿ ಏರುತ್ತಿತ್ತು, ಇಳಿಯುತ್ತಿತ್ತು. ಹಳೆ ಚರ್ಮದ ವಾಸನೆ, ಪೆಟ್ರೋಲಿನ ವಾಸನೆ, ಅಪ್ಪ ಒರೆಸಲು ಬಳಸುತ್ತಿದ್ದ ಸೀಮೆಎಣ್ಣೆ ಬಟ್ಟೆಯ ವಾಸನೆ. ಸ್ಟಿಯರಿಂಗಿನ ಪಕ್ಕದ ಗಡಿಯಾರ ಯಾವಾಗಲೂ ನಾಲ್ಕು ಹತ್ತು ತೋರಿಸುತ್ತಿತ್ತು. ನಾನು ಮುಂದಿನ ಸೀಟಿನಲ್ಲಿ ಮಂಡಿಯೂರಿ ಕೂತು, ಎಲ್ಲಿಗೂ ಹೋಗದೆ ಎಲ್ಲ ಕಡೆಗೂ ಹೋಗಿ ಬರುತ್ತಿದ್ದೆ. ಹಿಂದಿನ ಸೀಟಿಗೆ ಮಾತ್ರ ಹೋಗುವ ಹಾಗಿರಲಿಲ್ಲ. "ಅದು ಯಜಮಾನ್ರ ಜಾಗ," ಅನ್ನುತ್ತಿದ್ದ ಅಪ್ಪ. ತಾನೂ ಅಲ್ಲಿ ಕೂತವನಲ್ಲ. ಅದನ್ನು ಒರೆಸುವಾಗಲೂ ಹೊರಗೆ ನಿಂತು, ಬಾಗಿ, ಕೈಯಷ್ಟೇ ಒಳಗೆ ಚಾಚುತ್ತಿದ್ದ.

ಯಜಮಾನರು ತೀರಿಹೋದ ಮೇಲೆ ಕಾರು ಅಪರೂಪಕ್ಕೆ ಹೊರಗೆ ಬರುತ್ತಿತ್ತು. ಒಂದು ದಿನ ಮಲ್ಲೇಶ್ವರದಿಂದ ವಾಪಸು ಬರುವಾಗ ಒಳಗೆಲ್ಲೋ ಠಣ್ ಎಂದು ಶಬ್ದವಾಗಿ ನಿಂತುಹೋಯಿತು. ಎಂಜಿನ್ನಿನ ಹೊಟ್ಟೆಯಲ್ಲಿ ಹಲ್ಲಿರುವ ಎರಡು ಚಕ್ರಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಒಂದು ಸರಪಳಿ ಇರುತ್ತದೆ. ಅದು ತುಂಡಾಗಿ, ಚಕ್ರವೊಂದರ ಹಲ್ಲುಗಳನ್ನೂ ಮುರಿದುಹಾಕಿತ್ತು. ಲಾರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದರು. ಅಮ್ಮಾವರು, ಅಂದರೆ ಯಜಮಾನರ ಹೆಂಡತಿ, ಕಾರನ್ನು ಒಂದು ಸಲ ನೋಡಿ, "ನಂಗಿನ್ನು ಇದು ಯಾಕೆ? ನಿಂದೇ ಅಂತ ಇಟ್ಕೋ. ಶೆಡ್ಡಲ್ಲೇ ಇರ್ಲಿ," ಅಂದರು. ಹಾಗೆ ಅಮೆರಿಕದ ಕಾರಿಗೆ ನನ್ನಪ್ಪ ಒಡೆಯನಾದ, ಓಡದ ಕಾರಿಗೆ.

ಆರು ವರ್ಷ ಅದು ಹಾಗೇ ನಿಂತಿತ್ತು. ಅಷ್ಟರಲ್ಲಿ ಅಮ್ಮ ಹೋದಳು. ನಾನು ಟೈಪಿಂಗ್ ಕಲಿತು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆದೆ. ನಮ್ಮ ವಂಶದಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ ಎಂಬ ಜಂಬ ನನಗೆ ಮೂಗಿನ ತುದಿಯವರೆಗೂ ಇತ್ತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರಿಂದಲೇ ಆದದ್ದು.

ಯುಗಾದಿಗೆ ನಾಲ್ಕು ದಿನ ಮುಂಚೆ ಅಪ್ಪನನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಹೋಯಿತು, ಉಳಿದದ್ದೂ ವರ್ಷದೊಳಗೆ ಹೋಗುತ್ತದೆ ಅಂದರು. ವಾಪಸು ಬರುವಾಗ ಅಪ್ಪ ನಮ್ಮ ಬೀದಿಯ ತಿರುವಿನಲ್ಲಿ ನಿಂತು, "ಅದನ್ನ ಒಂದ್ಸಲ ಓಡಿಸ್ಬೇಕು ಮಗಾ. ಕಣ್ಣಿರೋವಾಗ್ಲೇ," ಅಂದ. ಯಾವುದನ್ನು ಎಂದು ನಾನು ಕೇಳಲಿಲ್ಲ.

ಮರುದಿನವೇ ಹುಡುಕಾಟ ಶುರುವಾಯಿತು. ತುಂಡಾದ ಸರಪಳಿಯ ಎರಡು ಕೊಂಡಿಗಳನ್ನು ಕರ್ಚೀಫಿನಲ್ಲಿ ಕಟ್ಟಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಕಚೇರಿ ಬಿಟ್ಟ ಮೇಲೆ ಕಾಟನ್‌ಪೇಟೆಯ ಗುಜರಿ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿಯುವುದು. ಸೀರೆ ಉಟ್ಟ ಹೆಂಗಸು ಗ್ರೀಸು ಮೆತ್ತಿದ ಕಬ್ಬಿಣ ತೋರಿಸಿದರೆ ಕೆಲವರು ಕುರ್ಚಿ ಹಾಕುತ್ತಿದ್ದರು, ಕೆಲವರು ನಗುತ್ತಿದ್ದರು. "ಈ ಕಾರಿಂದಾ? ಇದ್ರ ತಾತನ್ನ ಕೇಳ್ಬೇಕಮ್ಮಾ," ಅಂದ ಒಬ್ಬನಿಗೆ, "ನಿಮ್ಮನ್ನ ನೋಡಿ ತಾತ ಅಂತ್ಲೇ ಬಂದೆ," ಅಂದಿದ್ದೆ. ಆ ಸಂಜೆಗಳು ಈಗ ನೆನಪಿಗೆ ಬರುವಾಗ ಕನಸಿನ ಹಾಗೆ ಬರುತ್ತವೆ. ಕಿರಿದಾದ ಓಣಿ, ಮೂಟೆ ಹೊತ್ತವರ ಸಾಲು, ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲುತ್ತಿವೆ, ಅಂಗಡಿಗಳ ಒಳಗಡೆ ಇನ್ನೊಂದು ಅಂಗಡಿ, ಅದರೊಳಗೆ ಮತ್ತೊಂದು, ಎಲ್ಲೆಲ್ಲೂ ಯಾರೋ ಬಿಚ್ಚಿಟ್ಟ ಯಂತ್ರಗಳ ಭಾಗಗಳು. ಯಾವುದೋ ದೊಡ್ಡ ಪ್ರಾಣಿಯ ಪಕ್ಕೆಲುಬುಗಳ ನಡುವೆ ನಡೆದಂತೆ ಇರುತ್ತಿತ್ತು. ಕೊನೆಗೆ ಒಬ್ಬ ಮುದುಕರು ನನ್ನ ಕೊಂಡಿಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಒಳಗೆ ಹೋಗಿ, ಮುಚ್ಚಿದ ಬಟ್ಟೆ ಗಿರಣಿಯ ಯಾವುದೋ ಯಂತ್ರದ ಸರಪಳಿ ತಂದರು. ಕೊಂಡಿ ಕೊಂಡಿಗೂ ಸರಿಹೋಯಿತು. ಮನೆಯವರೆಗೂ ಅದನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡೇ ಬಂದೆ. ಸೀರೆ ಹಾಳಾಯಿತು.

ಹಲ್ಲು ಮುರಿದ ಚಕ್ರವನ್ನು ನಮ್ಮ ಬೀದಿಯ ಹಿಂದೆಯೇ ಲೇತ್ ಇಟ್ಟುಕೊಂಡಿದ್ದ ಸಾಬರು ಹೊಸದಾಗಿ ಕಡೆದುಕೊಟ್ಟರು. ಅಪ್ಪನ ಹಳೆಯ ಗೆಳೆಯರು. ಮಾತು ಕಡಿಮೆ, ಕೆಲಸ ದೇವರು ಮೆಚ್ಚುವಂಥದ್ದು. ಆದರೆ ಚಕ್ರ ಕೈಗಿಟ್ಟು ತಲೆ ಕೆರೆದುಕೊಂಡರು. "ಹಳೇ ಚಕ್ರದಲ್ಲಿ ಕಂಪ್ನಿಯವ್ರು ಗುರುತು ಹಾಕಿದ್ರು, ಎಲ್ಲಿಂದ ಶುರು ಮಾಡ್ಬೇಕು ಅಂತ. ಆ ಹಲ್ಲೇ ಪುಡಿಯಾಗಿದೆ. ಒಂದು ಹಲ್ಲು ಆಚೆ ಈಚೆ ಆದ್ರೂ ಇದು ಉಸಿರಾಡಲ್ಲ ಬೇಟಿ. ಇದ್ರ ಪುಸ್ತಕ ಸಿಗ್ಬೇಕು."

ಪುಸ್ತಕ! ಅದು ನನ್ನ ಕ್ಷೇತ್ರ. ಕಚೇರಿಯ ಟೈಪ್‌ರೈಟರಿನಲ್ಲಿ ಊಟದ ಬಿಡುವಿನಲ್ಲಿ ಅಮೆರಿಕಕ್ಕೆ ಪತ್ರ ಹೊಡೆದೆ, ನನ್ನ ಜೀವನದ ಅತ್ಯುತ್ತಮ ಇಂಗ್ಲಿಷಿನಲ್ಲಿ. ಎರಡು ತಿಂಗಳ ಮೇಲೆ ಅದೇ ಲಕೋಟೆ ವಾಪಸು ಬಂತು, ಕಳಿಸಿದವರಿಗೇ ವಾಪಸು ಎಂದು ಬೆರಳು ತೋರಿಸುವ ಕೈಯ ಚಿತ್ರದ ಮುದ್ರೆ ಹೊತ್ತು. ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತಂತೆ. ಲೈಬ್ರರಿಗಳಲ್ಲಿ ಕೇಳಿದೆ. ಫುಟ್‌ಪಾತಿನ ಹಳೆ ಪುಸ್ತಕದ ರಾಶಿಗಳಲ್ಲಿ ಕೂತು ಮೊಣಕಾಲು ನೋಯಿಸಿಕೊಂಡೆ. ಅಮ್ಮಾವರ ಮನೆಯ ಕಪಾಟುಗಳನ್ನು ಅವರ ಅಪ್ಪಣೆ ಪಡೆದು ಪೂರ್ತಿ ಜಾಲಾಡಿದೆ. ಅತ್ತ ಸಾಬರು ಅಂದಾಜಿನ ಮೇಲೆ ಮೂರು ಸಲ ಸರಪಳಿ ಹಾಕಿ ನೋಡಿದರು. ಪ್ರತಿ ಸಲವೂ ಮುಂಭಾಗವನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಬೇಕು. ಪ್ರತಿ ಸಲವೂ ಕಾರು ಕೆಮ್ಮಿತು, ಹೊಗೆ ಉಗುಳಿತು, ಸುಮ್ಮನಾಯಿತು.

ದಿನ ಉರುಳುತ್ತಿತ್ತು. ಆಷಾಢದಲ್ಲಿ ಅಪ್ಪ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದ. ಗೌರಿ ಹಬ್ಬದ ಹೊತ್ತಿಗೆ ತಟ್ಟೆಯಲ್ಲಿ ಪಲ್ಯ ಎಲ್ಲಿದೆ ಎಂದು ನಾನೇ ಹೇಳಬೇಕಾಯಿತು. ಪ್ರತಿ ಸಂಜೆ ನಾನು ಮೆಟ್ಟಿಲು ಹತ್ತುವಾಗಲೇ, "ಸಿಕ್ತಾ ಮಗಾ?" ಅನ್ನುತ್ತಿದ್ದ. ಇಲ್ಲ ಅನ್ನಲು ನನಗೆ ಸಂಕಟವಾಗುತ್ತಿತ್ತು. ಆ ಸಂಕಟಕ್ಕೆ ಸಿಡುಕಿನಿಂದ ಉತ್ತರ ಕೊಡುತ್ತಿದ್ದೆ.

ದಸರಾ ಬಂತು. ನಮ್ಮ ಮನೆಯಲ್ಲಿ ಆಯುಧ ಪೂಜೆಯ ದಿನ ಅಪ್ಪನ ಸ್ಪ್ಯಾನರುಗಳು, ನನ್ನ ಪುಸ್ತಕಗಳು, ಈಳಿಗೆ ಮಣೆ, ಎಲ್ಲವೂ ಒಂದೇ ಸಾಲು. ಜೊತೆಗೆ ದೇವರ ಗೂಡಿನಿಂದ ಒಂದು ಗಂಟೂ ಇಳಿಯುತ್ತಿತ್ತು, ಹಳದಿ ಬಟ್ಟೆಯಲ್ಲಿ ಕಟ್ಟಿದ್ದು. ನಾನು ಹುಟ್ಟಿದಾಗಿನಿಂದ ನೋಡುತ್ತ ಬಂದ ಗಂಟು. ಒಳಗೆ ತಾತನ ಕಾಲದ ಯಾವುದೋ ಪುರಾಣ ಇರಬೇಕೆಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿದ್ದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನವೂ ಅದನ್ನು ಕಣ್ಣಿಗೊತ್ತಿಕೊಂಡು ಹೋಗಿದ್ದೆ. ಪೂಜೆಗಿಟ್ಟ ಪುಸ್ತಕವನ್ನು ಅಂದು ಓದಬಾರದು. ಮರುದಿನ ವಿಜಯದಶಮಿಗೆ ಬಿಚ್ಚಿ ಒಂದೆರಡು ಸಾಲಾದರೂ ಓದಬೇಕು. ನಾನು ನನ್ನ ಪುಸ್ತಕಗಳನ್ನು ಓದುತ್ತಿದ್ದೆ. ಆ ಗಂಟು ಮಾತ್ರ ಹಾಗೇ ಗೂಡಿಗೆ ಹೋಗುತ್ತಿತ್ತು.

ಆ ವರ್ಷ ಅಪ್ಪ ಕುಂಕುಮವಿಡಲು ಕೈ ಚಾಚಿದವನು ಕಲಶವನ್ನು ಉರುಳಿಸಿಬಿಟ್ಟ. ನೀರೆಲ್ಲ ಗಂಟಿನ ಮೇಲೆ. "ಒಂದು ಮಾತು ಕೇಳಿದ್ರೆ ನಾನೇ ಇಡ್ತಿರ್ಲಿಲ್ವಾ!" ಎಂದು ರೇಗಿದೆ. ಅವನು ಒದ್ದೆಯಾದ ಬಟ್ಟೆಯನ್ನು ಅಂಗೈಯಿಂದ ತಡವುತ್ತ ಕೂತಿದ್ದ. ಬೆಳಿಗ್ಗೆ ಎದ್ದವಳೇ ಒಣಗಿಸೋಣವೆಂದು ಅದನ್ನು ಬಾಗಿಲ ಬಿಸಿಲಿಗೆ ತಂದು ಗಂಟು ಬಿಚ್ಚಿದೆ.

ಬೂದು ಬಣ್ಣದ ದಪ್ಪ ರಟ್ಟು. ಅದರ ಮೇಲೆ ಬಂಗಾರದ ಇಂಗ್ಲಿಷ್ ಅಕ್ಷರ, ನಮ್ಮ ಕಾರಿನ ಮೂತಿಯ ಮೇಲಿದ್ದ ಅದೇ ಹೆಸರು. ರಟ್ಟಿನ ಮೇಲೆಲ್ಲ ಎಷ್ಟೋ ವರ್ಷದ ಅರಿಶಿನ ಕುಂಕುಮ. ಒಳಗಿನ ಹಾಳೆಗಳು ಮಾತ್ರ ನಿನ್ನೆ ಅಚ್ಚಾದಂತೆ ಇದ್ದವು. ಎಂಟು ಸಿಲಿಂಡರುಗಳು, ಸಾಲಾಗಿ. ಹಲ್ಲಿರುವ ಎರಡು ಚಕ್ರ, ಸರಪಳಿ, ಬಾಣದ ಗುರುತು.

"ಅಪ್ಪಾ! ಇದು ಮನೇಲೇ ಇದೆ ಅಂತ ಯಾಕೆ ಹೇಳ್ಲಿಲ್ಲ ನೀನು?" ಕೂಗಿಯೇ ಕೇಳಿದೆ. ಅಕ್ಕಪಕ್ಕದ ಬಾಗಿಲುಗಳು ತೆರೆದವು.

ಅಪ್ಪ ಗಾಬರಿಯಾಗಿ ಗೋಡೆ ಹಿಡಿದು ಬಂದ. "ಯಜಮಾನ್ರು ಕೊಟ್ಟಿದ್ದಲ್ವಾ ಅದು. ಇದ್ರಲ್ಲಿ ಕಾರಿನ ಜೀವ ಇದೆ, ಜೋಪಾನ ಅಂದಿದ್ರು. ಜೋಪಾನ ಮಾಡ್ದೆ. ನೀನು ವರ್ಷ ವರ್ಷ ಕಣ್ಣಿಗೆ ಒತ್ಕೋತಿದ್ಯಲ್ಲ ಮಗಾ, ನಿಂಗೆ ಗೊತ್ತಿಲ್ದೆ ಇರುತ್ತಾ ಅಂದ್ಕೊಂಡೆ. ಇದ್ನ ಓದಿ ಆಗಿದೆ, ಇದ್ರಲ್ಲಿ ಇಲ್ಲ, ಅದ್ಕೇ ಊರೆಲ್ಲ ಹುಡುಕ್ತಿದೀಯ ಅಂತ..."

ಏಳು ತಿಂಗಳು! ಊರಿನ ಗುಜರಿಯವರನ್ನೆಲ್ಲ ಕೇಳಿದ್ದೆ, ಲೈಬ್ರರಿಯವರನ್ನು ಕೇಳಿದ್ದೆ, ಅಮೆರಿಕದವರನ್ನು ಕೇಳಿದ್ದೆ. ಅಪ್ಪನನ್ನು ಕೇಳಿರಲಿಲ್ಲ. ಇಂಗ್ಲಿಷ್ ಬಾರದವನ ಬಳಿ ಇಂಗ್ಲಿಷ್ ಪುಸ್ತಕ ಎಲ್ಲಿಂದ ಬರಬೇಕು ಎಂದುಕೊಂಡಿದ್ದೆ. ಅವನೋ, ನಾನು ಎಲ್ಲವನ್ನೂ ಓದಿ ಮುಗಿಸಿದವಳೆಂದು ನಂಬಿ ಸುಮ್ಮನಿದ್ದ.

ಮರುದಿನ ಶೆಡ್ಡಿನಲ್ಲಿ ನಾನು ಓದುತ್ತ ಹೋದೆ, ಸಾಬರು ಮಾಡುತ್ತ ಹೋದರು. ಎಂಜಿನ್ನಿನ ಹಿಂಬದಿಯಲ್ಲಿ ರೂಪಾಯಿ ಅಗಲದ ಒಂದು ಮುಚ್ಚಳ ಇದೆಯಂತೆ. ಅದನ್ನು ತೆಗೆದರೆ ಒಳಗಿನ ಭಾರಿ ಚಕ್ರದ ಮೇಲೆ ಕೊರೆದ ಗೆರೆ ಕಾಣುತ್ತದಂತೆ. ಆ ಗೆರೆ ನಡುವಿಗೆ ಬಂದಾಗ ಸರಪಳಿ ಹಾಕಬೇಕು, ಅಷ್ಟೇ. ಸಾಬರು ಬೆರಳು ದಪ್ಪದ ಗ್ರೀಸು ಕೆರೆದರು. ಮುಚ್ಚಳ ಅಲ್ಲೇ ಇತ್ತು. "ಯಾ ಅಲ್ಲಾ, ಇಷ್ಟೇನಾ," ಅಂದು ನಕ್ಕರು. ನನಗೆ ನಗು ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಎಂಜಿನ್ ಶುರುವಾಯಿತು. ಅದರ ಸದ್ದು ನಾನು ಮರೆತೇಬಿಟ್ಟಿದ್ದೆ. ದೂರದ ಕೋಣೆಯಲ್ಲಿ ಯಾರೋ ಬೀಸುಕಲ್ಲು ತಿರುಗಿಸುತ್ತಿದ್ದ ಹಾಗೆ, ಮೆತ್ತಗೆ, ಒಂದೇ ಸಮ. ಅಪ್ಪ ಬಾನೆಟ್ಟಿನ ಮೇಲೆ ಎರಡೂ ಅಂಗೈ ಇಟ್ಟು ನಿಂತಿದ್ದ. ನಾನು ಅವನ ಮುಖದ ಮುಂದೆ ಕೈಯಾಡಿಸಿದೆ. ರೆಪ್ಪೆ ಅಲುಗಲಿಲ್ಲ. ಕಣ್ಣಿನ ಕೆಲಸ ಮುಗಿದಿತ್ತು. ಯುಗಾದಿಯಲ್ಲೇ ಒಂದು ಮಾತು ಕೇಳಿದ್ದರೆ ಅವನೇ ಓಡಿಸುತ್ತಿದ್ದ.

ಓಡಿಸಬೇಕಾದವಳು ನಾನಾದೆ. ಹಿಂದೆ ಅಮ್ಮಾವರ ಮನೆಯ ಇನ್ನೊಂದು ಚಿಕ್ಕ ಕಾರಿನಲ್ಲಿ ಅಪ್ಪನೇ ನನಗೆ ಕಲಿಸಿ ಲೈಸೆನ್ಸ್ ಮಾಡಿಸಿದ್ದ. ಕಾರನ್ನು ಶೆಡ್ಡಿನಿಂದ ಹೊರಗೆ ತಂದು ನಿಲ್ಲಿಸಿ, ಇಳಿದು, ಸುತ್ತಿ ಬಂದು, ಹಿಂದಿನ ಬಾಗಿಲು ತೆರೆದು ಹಿಡಿದೆ, ಅವನು ಯಜಮಾನರಿಗೆ ಹಿಡಿಯುತ್ತಿದ್ದ ಹಾಗೆಯೇ. "ಕೂತ್ಕೋ ಅಪ್ಪಾ. ಈಗ ನೀನೇ ಯಜಮಾನ." ಅವನು ಬೇಡ ಬೇಡ ಅಂದ. ನಾನು ಬಿಡಲಿಲ್ಲ. ಚಪ್ಪಲಿಯನ್ನು ಹೊರಗೆ ಬಿಟ್ಟು ಹತ್ತಿ ಕೂತ. ನಾನು ಆ ಚಪ್ಪಲಿ ಎತ್ತಿ ಮುಂದೆ ಇಟ್ಟುಕೊಂಡೆ.

ಬೀದಿ ಖಾಲಿಯಿತ್ತು. ಮರಗಳ ನೆರಳು ಗಾಜಿನ ಮೇಲೆ ಹರಿದು ಹೋಗುತ್ತಿತ್ತು. ನಿಂತ ಕಾರಿನಲ್ಲಿ ಕೂತು ಎಷ್ಟೋ ಮಧ್ಯಾಹ್ನ ನಾನು ಹೋಗಿದ್ದ ದಾರಿಯೇ ಇದು ಅನ್ನಿಸಿತು. ನೂರು ಗಜ ಹೋಗಿರಬೇಕು. ಹಿಂದಿನಿಂದ ಸೀಟು ತಟ್ಟಿದ ಸದ್ದು.

"ನಿಲ್ಸು ನಿಲ್ಸು. ಇಲ್ಲಿ ಏನೂ ಕೇಳಿಸ್ತಿಲ್ಲ ಮಗಾ. ಎಂಜಿನ್ ಇದ್ಯೋ ಇಲ್ವೋ ಗೊತ್ತಾಗ್ತಿಲ್ಲ. ಮೂವತ್ತು ವರ್ಷ ಯಜಮಾನ್ರಿಗೆ ಇದು ಕೇಳ್ಸೇ ಇಲ್ವಾ?"

ಮುಂದೆ ಬಂದು ನನ್ನ ಪಕ್ಕ ಕೂತ. ಗೇರಿನ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟ. ಸದ್ದು ಏರುವುದನ್ನು ತಲೆ ಓರೆ ಮಾಡಿ ಕೇಳುತ್ತ, "ಈಗ," ಅಂದ. ನಾನು ಎರಡನೆಯದಕ್ಕೆ ಹಾಕಿದೆ. ಬಸವಣ್ಣನ ಗುಡಿಯ ಗಂಟೆ ಕೇಳಿ, "ಎಡಕ್ಕೆ ತಿರುಗ್ಸು," ಅಂದ. ತಿರುಗಿಸಿದೆ. ರಸ್ತೆ ನೇರವಾಯಿತು, ನನ್ನ ಕಣ್ಣು ಮಂಜಾಗತೊಡಗಿತು.

"ಅಪ್ಪಾ, ನಾನು ಯುಗಾದಿಲೇ ನಿನ್ನ ಒಂದ್ಮಾತು..."

"ಮಾತು ಆಮೇಲೆ," ಅಂದ ಅಪ್ಪ. "ಟಾಪ್ ಗೇರ್ ಹಾಕು."