ಲೀವ್ ಎಂದರೆ ರಜೆ

ಎರಡು ಬೆರಳಗಲದ ಬಿಳಿ ಪ್ಲಾಸ್ಟರ್ ಚೂರು. ಒಂದು ತುದಿಯಿಂದ ನಡುವಿನವರೆಗೆ ಸೀಳಿ ಎರಡು ಕಾಲು ಮಾಡಿದ್ದು. ನನ್ನ ಹಳೆಯ ಬ್ಯಾಗಿನ ಮುಚ್ಚಳದ ಒಳಬದಿಗೆ ಅಂಟಿಕೊಂಡಿತ್ತು. ಅಂಚಿಗೆ ಧೂಳು ಮೆತ್ತಿ ಕಪ್ಪಾಗಿತ್ತು. ಉಗುರಿನಿಂದ ಎಬ್ಬಿಸಿ ನೋಡಿದೆ, ಅಂಟು ಇನ್ನೂ ಸ್ವಲ್ಪ ಉಳಿದಿತ್ತು.

ಇದನ್ನು ಮಕ್ಕಳ ವಾರ್ಡಿನ ಸಿಸ್ಟರ್ 'ಚಡ್ಡಿ' ಎನ್ನುತ್ತಿದ್ದರು. ಮಗುವಿನ ಮೂಗಿಗೆ ಹಾಕಿದ ನಳಿಕೆ ಜಾರದಂತೆ ಹಿಡಿಯಲು ಚಡ್ಡಿಯ ಸೊಂಟ ಮೂಗಿನ ಮೇಲೆ ಕೂರಬೇಕು, ಎರಡು ಕಾಲುಗಳು ನಳಿಕೆಗೆ ಸುತ್ತಿಕೊಳ್ಳಬೇಕು. ಬಿಡುವಿದ್ದಾಗಲೆಲ್ಲ ಅವರು ಅದನ್ನು ಕತ್ತರಿಸಿ ಮೇಜಿನ ಅಂಚಿಗೆ ಸಾಲಾಗಿ ಅಂಟಿಸುತ್ತಿದ್ದರು. ದೂರದಿಂದ ನೋಡಿದರೆ ಯಾರೋ ಗೊಂಬೆಗಳ ಬಟ್ಟೆ ಒಣಹಾಕಿದಂತೆ ಕಾಣುತ್ತಿತ್ತು.

ಆಗ ನಾನು ಓದು ಮುಗಿಸಿ ಒಂದು ಸಂಶೋಧನೆಯ ಕೆಲಸಕ್ಕೆ ಸೇರಿದ್ದೆ. ತೀರಾ ಕಾಯಿಲೆಯಾದ ಮಕ್ಕಳನ್ನು ನೋಡಿಕೊಳ್ಳುವುದನ್ನು ಕಲಿತ ನರ್ಸುಗಳು ತಾಲೂಕು ಆಸ್ಪತ್ರೆಗಳಲ್ಲಿ ಯಾಕೆ ಉಳಿಯುವುದಿಲ್ಲ ಎನ್ನುವುದು ಸಂಶೋಧನೆಯ ವಿಷಯ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನನ್ನ ಪಾಲಿಗೆ ಬಂದವು. ಸಿಸ್ಟರ್ ಇದ್ದದ್ದು ಈ ನಾಲ್ಕರಲ್ಲಿ ಒಂದು ಕಡೆ. ಯಾವುದೆಂದು ಬರೆಯುವುದಿಲ್ಲ. ಹೆಸರು ಬರೆಯದಿರುವುದು ನಮ್ಮ ಕೆಲಸದ ನಿಯಮವಾಗಿತ್ತು, ಆಮೇಲೆ ನನಗೆ ಅದೇ ಅಭ್ಯಾಸವಾಯಿತು.

ಆಸ್ಪತ್ರೆಯ ಹಿಂಭಾಗದಲ್ಲಿ ಮಕ್ಕಳಿಗೆಂದು ಒಂದು ಕೋಣೆ. ಅದರಲ್ಲಿ ಕೆಲವು ಹಾಸಿಗೆ, ಉಸಿರಿಗೆ ನೆರವಾಗುವ ಒಂದು ಯಂತ್ರ. ಬೆಂಗಳೂರಿಗೆ ಹೋಗಿ ಆ ಯಂತ್ರವನ್ನು ಕಲಿತು ಬಂದಿದ್ದವರು ಸಿಸ್ಟರ್ ಒಬ್ಬರೇ. ಡಾಕ್ಟರು ಬದಲಾಗುತ್ತಿದ್ದರು, ಬೇರೆ ನರ್ಸುಗಳು ಹೆರಿಗೆ ವಾರ್ಡಿಗೋ ಇಂಜೆಕ್ಷನ್ ರೂಮಿಗೋ ಹೋಗುತ್ತಿದ್ದರು. ಸಿಸ್ಟರ್ ಇಲ್ಲದ ದಿನ ಬಂದ ಮಗುವನ್ನು ತುಮಕೂರಿಗೆ ಬರೆದುಕೊಡುತ್ತಿದ್ದರು. ತುಮಕೂರಿನವರೆಗೆ ಮಗುವಿನ ಉಸಿರು ಉಳಿಯಬೇಕಿತ್ತು...

ನಾನು ಕೇಳಬೇಕಾದ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: 'ಮುಂದಿನ ವರ್ಷದೊಳಗೆ ರಜೆ ಹೋಗುವ ಯೋಚನೆ ನಿಮಗಿದೆಯೇ?' ನಾನು ಓದಿ ಮುಗಿಸುವ ಮೊದಲೇ ಸಿಸ್ಟರ್ ನಕ್ಕುಬಿಟ್ಟರು.

"ಐತೆ ಅಂತ ದೊಡ್ದಾಗಿ ಬರ್ಕಳಿ ಮೇಡಂ. ಕೊಡೋರ್ ಯಾರು ಅಂತ ಮುಂದಿನ್ ಪ್ರಶ್ನೆ ಹಾಕ್ಬೇಕಿತ್ತು ನಿಮ್ಮೋರು."

ನೆಲ ಒರೆಸುತ್ತಿದ್ದ ಆಯಾ ಸುಮ್ಮನಿರಲಿಲ್ಲ. "ಸಿಸ್ಟ್ರಿಗೆ ಲೀವಾ? ಹಿಂದ್ಕೆ ಒಂದ್ಸಲ ಹಾಕಿದ್ರು ಕಣಮ್ಮ, ಮದ್ವೇಗೆ. ಅದೂ ಅವ್ರ್ ಮದ್ವೇಗೇಯ!"

ಶಿರಾದಲ್ಲಿ, ಪಾವಗಡದಲ್ಲಿ ನಾನು ಕೇಳಿದ ನರ್ಸುಗಳೆಲ್ಲ ಇದೆ ಎಂದೇ ಹೇಳಿದರು. "ರಂಜಾನ್‌ಗೆ ಒಂದಿನ ಸಿಕ್ರೆ ಸಾಕು, ವರ್ಷದ್ ಮಾತ್ಯಾಕೆ" ಎಂದರು ಶಿರಾದ ಒಬ್ಬರು. ಎಲ್ಲ ಉತ್ತರಗಳನ್ನು ಕಳಿಸಿದ ಮೇಲೆ ನಮ್ಮ ಕಚೇರಿಯಿಂದ ಗಾಬರಿಯ ಫೋನು ಬಂತು: ಅದೇನು, ಒಬ್ಬರೂ ಕೆಲಸದಲ್ಲಿ ಉಳಿಯುವುದಿಲ್ಲವೇ? ಆಗ ಗೊತ್ತಾಯಿತು. ಇಂಗ್ಲಿಷಿನಲ್ಲಿ ಇದ್ದದ್ದು ಕೆಲಸ ಬಿಟ್ಟು ಹೋಗುವ ಪ್ರಶ್ನೆ. ಕನ್ನಡಕ್ಕೆ ತಂದವರು ಲೀವ್ ಎಂಬ ಮಾತು ನೋಡಿ ರಜೆ ಎಂದು ಬರೆದಿದ್ದರು. ನಮ್ಮ ಕಡೆ ಲೀವ್ ಎಂದರೆ ರಜೆಯೇ. ಬೇರೆ ಅರ್ಥ ಯಾರಿಗೆ ಹೊಳೆಯಬೇಕು?

ಸರಿ ಮಾಡಿದ ಪ್ರಶ್ನೆ ಹಿಡಿದು ಮತ್ತೆ ಹೋದೆ. ಸಿಸ್ಟರ್ ಚಡ್ಡಿ ಕತ್ತರಿಸುತ್ತಿದ್ದರು. ಕೆಲಸ ಬಿಡುವ ಯೋಚನೆ ಇದೆಯೇ ಎಂದು ಕೇಳಿದೆ. ಕತ್ತರಿ ನಿಂತಿತು. ಈ ಸಲ ನಗಲಿಲ್ಲ.

"ಅದನ್ನ ಖಾಲಿ ಬುಡಿ" ಎಂದರು. ಕತ್ತರಿ ಕೆಳಗಿಟ್ಟರು. "ಬುಡ್ತೀನಿ ಅಂದ್ರೆ ಈ ರೂಮಿಗೆ ಬೀಗ. ಬುಡಲ್ಲ ಅಂದ್ರೆ ಅಲ್ಲಿ ನನ್ ಕೂಸೈತೆ. ಏನಂತ ಬರೀತೀರ ನೀವು?"

ಅವರ ಮಗಳು ಪಾವಗಡದ ಕಡೆಯ ವಳ್ಳೂರಿನ ಹತ್ತಿರ ದೊಡ್ಡಮ್ಮನ ಮನೆಯಲ್ಲಿ ಬೆಳೆಯುತ್ತಿದ್ದಳು. ಗಂಡನಿಗೆ ಸೋಲಾರ್ ಪಾರ್ಕಿನಲ್ಲಿ ಪಾಳಿಯ ಕೆಲಸ. ಸಿಸ್ಟರ್ ಆಸ್ಪತ್ರೆಯ ಪಕ್ಕದ ಬೀದಿಯಲ್ಲಿ ಒಬ್ಬರೇ ಇದ್ದರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬರುವುದು ಅವರ ಕ್ರಮ. ಹೋಗಲಾಗದ ಶನಿವಾರಗಳೇ ಹೆಚ್ಚು. ಕೈ ಬಿಡುವಿಲ್ಲದಾಗ ಫೋನನ್ನು ಕಿಟಕಿಯಲ್ಲಿಟ್ಟು ಜೋರಾಗಿ ಮಾತಾಡುತ್ತಿದ್ದರು. ಹಾಗಾಗಿ ಆ ಮಗುವಿನ ದನಿ ನನಗೂ ಗೊತ್ತಿತ್ತು.

"ಸಿಸ್ಟ್ರೇ, ಬಸ್ ಹತ್ತಿದ್ರಾ?"

"ಲೇ, ಅಮ್ಮ ಅನ್ನೇ."

"ಎಲ್ರೂ ಅಂಗೇ ಅಂತಾರಲ್ಲ!"

ಆಯಾ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಸಿಸ್ಟರೂ ನಗುತ್ತಿದ್ದರು. ಫೋನು ಇಟ್ಟ ಮೇಲೆ ಮುಂದಿನ ಶನಿವಾರ ಯಾವ ತಾರೀಖು ಎಂದು ನೋಡುತ್ತಿದ್ದರು.

ನಾನೂ ಒಬ್ಬಳೇ ಇದ್ದೆ, ಬೆಟ್ಟದ ಬುಡದ ಒಂದು ಬಾಡಿಗೆ ಕೋಣೆಯಲ್ಲಿ. ಸಂಜೆ ಮಾತಾಡುವವರು ಯಾರೂ ಇರಲಿಲ್ಲ. ಪ್ರಶ್ನೆಗಳು ಮುಗಿದ ಮೇಲೂ ಏನಾದರೊಂದು ನೆಪ ಮಾಡಿಕೊಂಡು ಆ ಕೋಣೆಗೆ ಹೋಗುತ್ತಿದ್ದೆ. ಅವರು ಯಾಕೆ ಬಂದೆ ಎಂದು ಕೇಳುತ್ತಿರಲಿಲ್ಲ. ಸ್ಟೂಲು ಎಳೆದು ಕೊಡುತ್ತಿದ್ದರು.

ಒಂದು ಶನಿವಾರ ಶಾಲೆಯಲ್ಲಿ ಸಿಸ್ಟರ ಮಗಳ ಕುಣಿತವಿತ್ತು. ಸಿಸ್ಟರ್ ಸೀರೆ ಬದಲಿಸಿ, ಬ್ಯಾಗು ಹೆಗಲಿಗೆ ಹಾಕಿ ಬಾಗಿಲು ದಾಟಿದ್ದರು. ಎದುರಿಗೆ ಕಂಬಳಿಯಲ್ಲಿ ಕೂಸನ್ನು ಸುತ್ತಿಕೊಂಡು ಒಬ್ಬ ಅಜ್ಜಿ ಬಂದಳು, ಹಿಂದೆ ಕೂಸಿನ ತಾಯಿ. ಕುರಿ ಮೇಯಿಸುವವರು, ಪಾವಗಡದ ಆಚೆಯಿಂದ ಮಂದೆಯ ಜೊತೆ ಬಂದವರು.

"ಡೊಕ್ಕಲು ಎಗರೇಸ್ತಾ ಉಂದಮ್ಮಾ" ಎಂದಳು ಅಜ್ಜಿ ತೆಲುಗಿನಲ್ಲಿ. ಪಕ್ಕೆ ಹಾರುತ್ತಿದೆ ಎಂದು. ಕಂಬಳಿ ಸರಿಸಿದಾಗ ನನಗೂ ಕಂಡಿತು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಹೋಗಿ ಗುಳಿ ಬೀಳುತ್ತಿತ್ತು. ಸಿಸ್ಟರ್ ಒಮ್ಮೆ ಗೇಟಿನ ಕಡೆ ನೋಡಿದರು. ಆಮೇಲೆ ಬ್ಯಾಗನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಕೂಸನ್ನು ಎತ್ತಿಕೊಂಡರು.

ಡಾಕ್ಟರು ಬಂದರು, ಯಂತ್ರ ಶುರುವಾಯಿತು. ಆಯಾ ಊಟಕ್ಕೆ ಹೋಗಿದ್ದಳು, ಮೇಜಿನ ಅಂಚಿನ ಚಡ್ಡಿಗಳು ಮುಗಿದಿದ್ದವು. "ಒಂದ್ ಚಡ್ಡಿ ಕತ್ರಿಸ್ಕೊಡು" ಎಂದರು ಸಿಸ್ಟರ್, ತಿರುಗಿ ನೋಡದೆ. ಕತ್ತರಿಸಿ ಕೊಟ್ಟೆ. ಕಾಲು ಸೀಳಿದ್ದು ಸಾಲದಾಗಿತ್ತು.

"ಚಡ್ಡಿ ಅಂದ್ರೆ ಲಂಗ ಮಾಡಿದೀಯಲ್ಲೇ!"

ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಮತ್ತೆರಡು ಕತ್ತರಿಸಿದೆ. ಒಂದು ಸಾಕಾಯಿತು. ಇನ್ನೊಂದನ್ನು ಅವರು ನನ್ನ ಹೆಗಲಲ್ಲಿದ್ದ ನನ್ನದೇ ಬ್ಯಾಗಿನ ಮುಚ್ಚಳ ಎತ್ತಿ ಒಳಗೆ ಅಂಟಿಸಿದರು, ಬೇಕಾದರೆ ಇರಲಿ ಎಂದು.

ಕೂಸಿನ ಪಕ್ಕೆ ಹಾರುವುದು ನಿಧಾನವಾಗಿ ಕಡಿಮೆಯಾಗುತ್ತಿದ್ದಾಗ ಅವರ ಬ್ಯಾಗಿನೊಳಗೆ ಫೋನು ಬಡಿದುಕೊಂಡಿತು. ಸಿಸ್ಟರ್ ನನಗೇ ಎತ್ತಲು ಸನ್ನೆ ಮಾಡಿದರು. ಹೊರಗೆ ಹೋಗಿ ಎತ್ತಿದೆ. ಅಮ್ಮ ಕೆಲಸದಲ್ಲಿದ್ದಾರೆ ಎಂದೆ.

"ನಂಗೊತ್ತಿತ್ತು" ಎಂದಿತು ಆ ಕಡೆಯ ದನಿ. ಅಳಲಿಲ್ಲ. ನಾನು ಇನ್ನೇನಾದರೂ ಹೇಳಬಹುದೆಂದು ಸ್ವಲ್ಪ ಕಾದು ಫೋನು ಇಟ್ಟಳು.

ಏನು ಹೇಳಿದಳು ಎಂದು ಸಿಸ್ಟರ್ ಕೇಳಿದರು. ಹೇಳಿದೆ. ಅವರು ತಲೆಯಾಡಿಸಿ ಕೂಸಿನ ಕಡೆ ತಿರುಗಿದರು.

ಆ ಕೂಸು ಉಳಿಯಿತು. ಕುರಿಯವರು ಹೋಗುವಾಗ ಅಜ್ಜಿ ಸಿಸ್ಟರ ಗಲ್ಲ ಹಿಡಿದು ನೆಟಿಕೆ ಮುರಿದಳು. ಅದಾಗಿ ಕೆಲವು ತಿಂಗಳಿಗೆ ವಳ್ಳೂರಿನ ಕಡೆಯ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ಜಾಗ ಖಾಲಿಯಾಯಿತು. ಅಲ್ಲಿ ಯಂತ್ರವಿಲ್ಲ, ಲಸಿಕೆ ಹಾಕುವ ಕೆಲಸ. ಸಿಸ್ಟರ್ ಅರ್ಜಿ ಹಾಕಿದರು. ನನಗೆ ಹೇಳಿದ್ದು ಆಯಾ.

ಹೊರಡುವ ದಿನ ಅವರು ಯಂತ್ರವನ್ನು ತಾವೇ ಒರೆಸಿ ಬಟ್ಟೆ ಹೊದಿಸಿದರು. "ಓಗಿ ಓಗಿ, ಆ ಕೂಸಾದ್ರೂ ನಿಮ್ ಮಕ ನೋಡ್ಲಿ" ಎಂದು ಆಯಾ ಬೈಯುವ ದನಿಯಲ್ಲಿ ಹೇಳಿ ಬಕೆಟ್ಟು ಹಿಡಿದು ಹೊರಗೆ ಹೋದಳು. ನಾನು ಬಸ್ ನಿಲ್ದಾಣದವರೆಗೆ ಸಿಸ್ಟರ್ ಜೊತೆಯಲ್ಲಿ ನಡೆದೆ. "ಬತ್ತೀನಿ ಕಣಮ್ಮ. ಒಬ್ಳೇ ಇರ್ತೀಯ, ಸರಿಯಾಗ್ ಉಣ್ಣು" ಎಂದರು...

ಕೋಣೆಗೆ ಬೀಗ ಬಿತ್ತು. ನಮ್ಮ ವರದಿಯಲ್ಲಿ ಸಿಸ್ಟರ್ ತಾಲೂಕು ಆಸ್ಪತ್ರೆಯ ಕೆಲಸ ಬಿಟ್ಟವರ ಲೆಕ್ಕಕ್ಕೆ ಸೇರಿದರು. ಕಾರಣ: ಕುಟುಂಬ. ತಪ್ಪೇನೂ ಇರಲಿಲ್ಲ. ಆದರೆ ಆ ಮಾತನ್ನು ಓದಿದರೆ ಅವರು ಮನೆಗೆ ಮರಳಿ ಸುಖವಾಗಿದ್ದಾರೆ ಅನ್ನಿಸುತ್ತದೆ. ಇರಲೂಬಹುದು. ಅವರ ನಂಬರು ಇವತ್ತಿಗೂ ನನ್ನ ಫೋನಿನಲ್ಲಿದೆ. ಮಾಡಿದರೆ ಅವರು ಮೊದಲು ಕೇಳುವುದು ರೂಮು ತೆಗೆದರಾ ಎಂದೇ. ಇಲ್ಲ ಎನ್ನಲಾಗದೆ ನಾನು ಮಾಡಲಿಲ್ಲ. ಅವರೂ ಮಾಡಲಿಲ್ಲ. ಹಾಗೆ ವರ್ಷಗಳು ಹೋದವು. ಈಗ ಮಾಡಿದರೂ ಸ್ಟೂಲು ಎಳೆದು ಕೊಟ್ಟ ಆ ಸಿಸ್ಟರ್ ನನಗೆ ಸಿಗುವುದಿಲ್ಲ ಎಂದು ಗೊತ್ತಿದೆ.

ಅದೇ ಸಂಶೋಧನೆಯ ಮುಂದಿನ ಹಂತಕ್ಕೆಂದು ಈಗ ಮತ್ತೆ ಇಲ್ಲಿಗೆ ಬಂದಿದ್ದೇನೆ. ಕೋಣೆಯನ್ನು ಈ ತಿಂಗಳು ತೆರೆದಿದ್ದಾರೆ, ಕಲಿತ ಹುಡುಗಿಯೊಬ್ಬಳು ಬಂದಿದ್ದಾಳೆ ಎಂದು ಕೇಳಿದ್ದೆ. ಬ್ಯಾಗು ಖಾಲಿ ಮಾಡುವಾಗ ಪ್ಲಾಸ್ಟರ್ ಸಿಕ್ಕಿದ್ದು ನಿನ್ನೆ ಸಂಜೆ.

ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಹುಡುಗಿ ಯಂತ್ರದ ತಂತಿಗಳನ್ನು ಬಿಡಿಸುತ್ತಿದ್ದಳು. ನಾನು ಯಾರೆಂದು ಹೇಳಿದೆ. ಅವಳು ಕೇಳಿದಳು: "ಮೊದಲ ಇದ್ದ ಸಿಸ್ಟರ್ ಯಾಕ ಬಿಟ್ಟು ಹೋದ್ರು ರೀ? ಯಾರೂ ಸರಿಯಾಗಿ ಹೇಳವಲ್ರು."

"ಅವರ ಮಗಳು ಊರಲ್ಲಿದ್ದಳು" ಎಂದೆ.

ಅವಳು ತಂತಿಯನ್ನು ಯಂತ್ರದ ಮೇಲಿಟ್ಟಳು. ನಿಮ್ಮೂರು ಯಾವುದು ಎಂದು ಕೇಳಿದೆ. ಯಾದಗಿರಿ ಕಡೆ ಎಂದಳು. ನಾನು ಪ್ರಶ್ನೆಗಳ ಹಾಳೆ ಹೊರಗೆ ತೆಗೆಯಲಿಲ್ಲ. ತಿಂಡಿ ಆಗಿಲ್ಲವೆಂದಳು, ನನ್ನದೂ ಆಗಿರಲಿಲ್ಲ. ಎದುರಿನ ಹೋಟೆಲಿಗೆ ಹೋಗಿ ಇಬ್ಬರೂ ತಟ್ಟೆ ಇಡ್ಲಿ ತಿಂದೆವು.