ನಾನು ದತ್ತು ತೆಗೆದುಕೊಂಡ ಹುಡುಗಿ

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಹಾಲಿನವನು ನಕ್ಕು ಮಾತಾಡಿಸಿದರೆ ಇವತ್ತು ನೀರು ಜಾಸ್ತಿ ಸೇರಿಸಿದ್ದಾನೆ ಅಂದುಕೊಳ್ಳುತ್ತೇನೆ. ಕ್ಲಾಸಿನಲ್ಲಿ ಗಲಾಟೆ ಇಲ್ಲದಿದ್ದರೆ ಇನ್ನೂ ಅನುಮಾನ. ಇಪ್ಪತ್ತು ವರ್ಷ ಗಣಿತ ಕಲಿಸಿದ್ದೇನೆ. ನಕಲು ಹೊಡೆಯುವವರ ಕತ್ತು ಯಾವ ಕಡೆಗೆ ಎಷ್ಟು ತಿರುಗುತ್ತದೆ ಎಂದು ಬೋರ್ಡಿಗೆ ಮುಖ ಮಾಡಿಕೊಂಡೇ ಹೇಳಬಲ್ಲೆ. ಈ ಗುಣದ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮ ಹೈಸ್ಕೂಲು ಶ್ರೀನಿವಾಸಪುರ ತಾಲ್ಲೂಕಿನ ಗಡಿಯಲ್ಲಿ, ಗೌನಿಪಲ್ಲಿ ಕಡೆ. ಮಕ್ಕಳದು ಮನೆಯಲ್ಲಿ ತೆಲುಗು, ಕ್ಲಾಸಿನಲ್ಲಿ ಕನ್ನಡ, ಜಗಳದಲ್ಲಿ ಎರಡೂ. ಡಿಸೆಂಬರ್ ಬಂತೆಂದರೆ ಹತ್ತನೇ ತರಗತಿಯನ್ನು ಮೂರು ಗುಂಪು ಮಾಡುತ್ತೇವೆ. ಎ ಗುಂಪಿನವರು ಶಾಲೆಗೆ ಹೆಸರು ತರುವವರು, ಬಿ ಗುಂಪಿನವರು ಹೇಗೋ ದಡ ಸೇರುವವರು, ಸಿ ಗುಂಪಿನವರು ಫೇಲಾಗುವ ಭಯ ಇರುವವರು. ಸಿ ಗುಂಪಿಗೆ ಪೂರ್ತಿ ಪುಸ್ತಕ ಇಲ್ಲ. ಅವರಿಗೆ 'ಪಾಸಿಂಗ್ ಪ್ಯಾಕೇಜ್' ಅಂತ ಒಂದು ಜೆರಾಕ್ಸ್ ಕಟ್ಟು. ಒಂದು ಗ್ರಾಫು, ಒಂದು ಪ್ರಮೇಯ, ಬಂದೇ ಬರುತ್ತವೆ ಎನ್ನುವ ಕೆಲವು ಲೆಕ್ಕ. ಅಷ್ಟನ್ನು ಉರು ಹೊಡೆದರೆ ಮೂವತ್ತೈದು ದಾಟುತ್ತದೆ. ಜೊತೆಗೆ ನಾವು ಒಬ್ಬೊಬ್ಬ ಟೀಚರೂ ಆ ಗುಂಪಿನ ನಾಲ್ಕೈದು ಮಕ್ಕಳನ್ನು ದತ್ತು ತೆಗೆದುಕೊಳ್ಳಬೇಕು. ದತ್ತು ಅಂದರೆ ಮತ್ತೇನಿಲ್ಲ, ಬೆಳಗಿನ ಜಾವ ಐದಕ್ಕೆ ಅವರ ಮನೆಗೆ ಫೋನ್ ಮಾಡಿ ಎಬ್ಬಿಸಬೇಕು, ಓದುತ್ತಿದ್ದಾರೋ ಇಲ್ಲವೋ ನೋಡಬೇಕು, ಪಾಸು ಮಾಡಿಸಬೇಕು. ಫೇಲಾದರೆ ಹೆಡ್‌ಮಾಸ್ಟರಿಗೆ ಉತ್ತರ ಕೊಡಬೇಕಾದವರು ನಾವು.

ನನ್ನ ಪಾಲಿಗೆ ಬಂದವರಲ್ಲಿ ಒಬ್ಬಳು ಮಾವಿನ ತೋಪು ಕಾಯುವವನ ಮಗಳು. ಅರ್ಧವಾರ್ಷಿಕದಲ್ಲಿ ಗಣಿತಕ್ಕೆ ಹನ್ನೊಂದು. ಅದಕ್ಕೆ ಮುಂಚೆ ಟೈಫಾಯ್ಡ್ ಬಂದು ಒಂದು ತಿಂಗಳು ಮಲಗಿದ್ದಳು ಎನ್ನುವುದು ನನಗೆ ಗೊತ್ತಿತ್ತು. ಆದರೆ ಗುಂಪು ಮಾಡುವ ಪಟ್ಟಿಯಲ್ಲಿ ಅಂಕಕ್ಕೆ ಕಾಲಂ ಇತ್ತು, ಟೈಫಾಯ್ಡಿಗೆ ಇರಲಿಲ್ಲ. ಸಿ ಗುಂಪಿಗೆ ಸೇರಿಸಿದೆ. ಸೇರಿಸಿದ ಮೇಲೆ ಅವಳು ನನಗೆ ದಡ್ಡಿಯ ಹಾಗೇ ಕಾಣಿಸತೊಡಗಿದಳು. ಪ್ಯಾಕೇಜಿನಲ್ಲಿ ಇಲ್ಲದ್ದನ್ನು ಕ್ಲಾಸಿನಲ್ಲಿ ಒಮ್ಮೆ ಕೇಳಿದಾಗ, "ಅದೆಲ್ಲಾ ನಿಮಗಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡ" ಎಂದು ಕೂರಿಸಿದ್ದೆ. ಮತ್ತೆ ಕೇಳಲಿಲ್ಲ. ಬುದ್ಧಿ ಬಂತು ಅಂದುಕೊಂಡೆ.

ಬೆಳಿಗ್ಗೆ ಫೋನ್ ಮಾಡಿದರೆ ಅವಳ ತಾಯಿ ಎತ್ತಿ, "ಓದ್ಕೊಂತಾ ಐತೆ ಮೇಡಂ" ಅನ್ನುತ್ತಿದ್ದರು. ನಾನು ನಂಬುವ ಪೈಕಿಯೇ? ಸಂಕ್ರಾಂತಿಯ ಹಿಂದಿನ ದಿನ ಅವಳನ್ನು ಕರೆದು, ದಿನಾ ಓದುವ ಪುಟದ ಫೋಟೋ ಕಳಿಸು ಎಂದೆ. ಕಳಿಸುತ್ತಿದ್ದಳು. ಪ್ಯಾಕೇಜಿನ ಒಂದು ಪುಟ, ಅದರ ಮೇಲೆ ಅವಳ ಕೈ. ಎರಡು ವಾರ ಇದು ನಡೆಯಿತು. ಆಮೇಲೆ ಒಂದು ದಿನ ಬಸ್ಸಿನಲ್ಲಿ ಕೂತು ಆ ಫೋಟೋಗಳನ್ನೆಲ್ಲ ಒಟ್ಟಿಗೆ ನೋಡಿದೆ. ಎಲ್ಲದರಲ್ಲೂ ಕೈಯಲ್ಲಿ ಹಸಿರು ಗಾಜಿನ ಬಳೆ. ಶಾಲೆಗೆ ಅವಳು ಬರುವುದು ಬರಿಗೈಯಲ್ಲಿ. ಬಳೆ ತೊಟ್ಟಿದ್ದನ್ನು ನಾನು ನೋಡಿದ್ದು ಸಂಕ್ರಾಂತಿಯ ಮಾರನೇ ದಿನ ಮಾತ್ರ. ಅಂದರೆ ಹಬ್ಬದ ದಿನ ಕೂತು ಒಂದೇ ಸಲಕ್ಕೆ ಎಲ್ಲ ಪುಟದ ಫೋಟೋ ತೆಗೆದು, ದಿನಕ್ಕೊಂದರಂತೆ ನನಗೆ ಬಡಿಸುತ್ತಿದ್ದಾಳೆ! ಸಿಟ್ಟಿಗಿಂತ ಹೆಚ್ಚಾಗಿ ನನಗೆ ಖುಷಿಯಾಯಿತು. ಕಳ್ಳಿ ಸಿಕ್ಕಿಬಿದ್ದಳು.

ಮಾರನೇ ದಿನ ಶ್ರೀನಿವಾಸಪುರದಿಂದ ಮೊದಲ ಬಸ್ಸು ಹತ್ತಿದೆ. ಫೋನ್ ಮಾಡಲಿಲ್ಲ. ತೋಪಿಗೆ ಔಷಧಿ ಹೊಡೆಯುವ ಸದ್ದು ಕೇಳುತ್ತಿತ್ತು, ಹೂವಿನ ವಾಸನೆಗೆ ಔಷಧಿಯ ಘಾಟು ಬೆರೆತಿತ್ತು. ಮಲಗಿರುತ್ತಾಳೆ ಎಂದು ಹೋದರೆ ತೋಪಿನೊಳಗೆ ಅವರು ವಾಸವಿದ್ದ ಶೆಡ್ಡಿನ ಮುಂದೆ ಬಲ್ಬಿನ ಕೆಳಗೆ ಕೂತು ಏನೋ ಬರೆಯುತ್ತಿದ್ದಳು. ನನ್ನನ್ನು ಕಂಡವಳೇ ಅದನ್ನು ಚಾಪೆಯ ಅಡಿಗೆ ತುರುಕಿ, ಪ್ಯಾಕೇಜ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಏನೇ ಅದು ಒಳಗಿಟ್ಟಿದ್ದು?"

"ಏನಿಲ್ಲ ಮೇಡಂ."

ಪ್ರೇಮಪತ್ರವೇ ಇರಬೇಕು. ಚಾಪೆ ಎತ್ತಿದೆ. ಗಣಿತದ ಪಠ್ಯಪುಸ್ತಕ, ಹಳೇ ನೋಟ್‌ಬುಕ್ಕು. ನೋಟ್‌ಬುಕ್ಕಿನ ತುಂಬ ತ್ರಿಕೋನಮಿತಿ. ನಾವು ಸಿ ಗುಂಪಿಗೆ ತೋರಿಸುವುದೇ ಇಲ್ಲದ ಅಧ್ಯಾಯ. ಸಾಲುಸಾಲು ಲೆಕ್ಕ, ಹೊಡೆದು ಹಾಕಿದ್ದು, ಮತ್ತೆ ಮಾಡಿದ್ದು, ಉತ್ತರ ಸರಿ.

"ಯಾವ ಗೈಡು ನೋಡಿ ಬರೆದೆ?"

"ನಾನೇ ಮಾಡಿದ್ದು ಮೇಡಂ."

ಅಲ್ಲೇ ಒಂದು ಲೆಕ್ಕ ಕೊಟ್ಟೆ. ಕೊನೆಯ ಸಾಲಿನವರೆಗೆ ಸರಿಯಾಗಿ ಬಂದಳು. ಕೊನೆಯ ಸಾಲಿನಲ್ಲಿ ಭಾಗಾಕಾರ ತಪ್ಪಿತು. ಅಷ್ಟೊಂದು ಸರಿ ಸಾಲುಗಳನ್ನು ಬಿಟ್ಟು ನಾನು ಬೆರಳಿಟ್ಟಿದ್ದು ಆ ತಪ್ಪಿನ ಮೇಲೆ. ಇಟ್ಟಾಗ ಮನಸ್ಸಿಗೆ ಸಮಾಧಾನವಾಯಿತು ಎನ್ನುವುದನ್ನೂ ಬರೆದುಬಿಡುತ್ತೇನೆ.

"ಮತ್ತೆ ಆ ಫೋಟೋ ನಾಟಕ ಯಾಕೆ?"

"ಪ್ಯಾಕೇಜು ಮುಗ್ದೋಗಿತ್ತು ಮೇಡಂ. ನೀವು ಅದೇ ನೋಡ್ಬೇಕು ಅಂತೀರ. ಬೇರೆದು ಓದಿದ್ರೆ ಬೈತೀರ ಅಂತ..." ನೋಟ್‌ಬುಕ್ಕು ಮುಚ್ಚುತ್ತಾ ಕೇಳಿದಳು: "ಮೇಡಂ, ನಂಗೆ ಪಿಯುಸಿಗೆ ಸೈನ್ಸ್ ತಗೋಬೇಕು ಅಂತ ಆಸೆ. ಆಗುತ್ತಾ?"

ನಾನು ಆಗ ಹೇಳಬಹುದಾಗಿದ್ದ ಮಾತು ಒಂದೇ ಶಬ್ದದ್ದು. ಅದು ಬಾಯಿಗೆ ಬರಲಿಲ್ಲ. ಕಣ್ಣ ಮುಂದೆ ಬಂದದ್ದು ಹೆಡ್‌ಮಾಸ್ಟರ ಮುಖ. ಇವಳು ದೊಡ್ಡ ಲೆಕ್ಕಕ್ಕೆ ಕೈ ಹಾಕಿ ಸಮಯವೆಲ್ಲ ಕಳೆದು ಫೇಲಾದರೆ? ಹನ್ನೊಂದು ತೆಗೆದವಳು ಎರಡು ತಿಂಗಳಲ್ಲಿ ಹೇಗೆ ಬದಲಾಗುತ್ತಾಳೆ? ಇದರಲ್ಲೂ ಏನೋ ಮೋಸ ಇರಬೇಕು. ಹೀಗೆಲ್ಲ ಯೋಚಿಸಿ, ಕೌನ್ಸೆಲಿಂಗ್ ತರಬೇತಿಯಲ್ಲಿ ಕಲಿತ ಮೆತ್ತನೆಯ ದನಿಯಲ್ಲಿ ಹೇಳಿದೆ. "ನೋಡು ಪುಟ್ಟಾ, ಮೊದಲು ಪಾಸಾಗು. ಪಾಸಾದ್ರೆ ನರಸಾಪುರದ ಕಂಪನಿ ಕೆಲಸನಾದ್ರೂ ಸಿಗುತ್ತೆ. ಪರೀಕ್ಷೆಲಿ ಪ್ಯಾಕೇಜ್ ಬಿಟ್ಟು ಬೇರೆದಕ್ಕೆ ಕೈ ಹಾಕಲ್ಲ ಅಂತ ಮಾತು ಕೊಡು."

ಅವಳು ಒಲೆಯ ಮುಂದೆ ಕೂತಿದ್ದ ತಾಯಿಯ ಕಡೆ ನೋಡಿದಳು. ತಾಯಿ, "ಮೇಡಂ ಒಳ್ಳೇದುಕ್ಕೇ ಹೇಳ್ತಾರೆ ಕಣೇ, ಸರೇ ಅನು" ಎಂದರು. ಮಾತು ಕೊಟ್ಟಳು. ನಾನು ಪಠ್ಯಪುಸ್ತಕವನ್ನು ನನ್ನ ಬ್ಯಾಗಿಗೆ ಹಾಕಿಕೊಂಡು ಬಂದೆ. ಆ ದಿನದಿಂದ ದಿನಾ ನಿಜವಾದ ಫೋಟೋ ಬರತೊಡಗಿತು, ಬಳೆಯಿಲ್ಲದ ಕೈ, ಮತ್ತೆ ಮತ್ತೆ ಅದೇ ಪುಟಗಳು.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ತಿರುವಿ ನೋಡಿದೆ. ಅವಳು ನೋಟ್‌ಬುಕ್ಕಿನಲ್ಲಿ ಮಾಡಿದ್ದಂಥವೇ ಎರಡು ಲೆಕ್ಕ, ದೊಡ್ಡ ಅಂಕದವು. ಹೊರಗೆ ಬಂದವಳನ್ನು ಹಿಡಿದು ಕೇಳಿದೆ. "ಪ್ರಶ್ನೆ ಓದಿದೆ ಮೇಡಂ. ಬರೀಲಿಲ್ಲ. ಮಾತು ಕೊಟ್ಟಿದ್ನಲ್ಲ" ಎಂದಳು. ಕೊನೆಯ ಅರ್ಧ ಗಂಟೆ ಸುಮ್ಮನೆ ಕೂತಿದ್ದಳಂತೆ.

ಗಣಿತಕ್ಕೆ ನಲವತ್ತೆರಡು ಬಂತು. ನನ್ನ ದತ್ತು ಮಕ್ಕಳೆಲ್ಲ ಪಾಸು. ಹೆಡ್‌ಮಾಸ್ಟರು ಎಲ್ಲರ ಮುಂದೆ ನನ್ನನ್ನು ಹೊಗಳಿ ಚಪ್ಪಾಳೆ ಹೊಡೆಸಿದರು. ಅಷ್ಟು ನಾಚಿಕೆ ನನಗೆ ಯಾವ ಬೈಗುಳದಿಂದಲೂ ಆಗಿರಲಿಲ್ಲ.

ಮೇ ತಿಂಗಳಲ್ಲಿ ಮುಂದೇನು ಓದಬೇಕು ಎಂದು ಮಕ್ಕಳಿಗೆ ತಿಳಿಸಿ ಅರ್ಜಿ ತುಂಬಿಸುವ ಕೆಲಸ ನನಗೇ ಬಿತ್ತು. ತಾಯಿ ಮಗಳು ಒಂದು ಚೀಲ ಮಾವಿನಹಣ್ಣು ಹೊತ್ತುಕೊಂಡು ಬಂದರು. "ನಿಮ್ಮಿಂದಾನೇ ಪಾಸಾಯ್ತು ಮೇಡಂ, ಇಲ್ದಿದ್ರೆ ಇದರ ಗತಿ ಏನು" ಎಂದು ತಾಯಿ ಕೈಮುಗಿದರು. ನಾನು ಚೀಲ ಮುಟ್ಟಲಿಲ್ಲ. ಅರ್ಜಿ ತೆಗೆದು, ಸೈನ್ಸ್ ಇರುವ ಕಡೆ ಬೆರಳಿಟ್ಟು, "ಇಲ್ಲಿ ಗುರುತು ಹಾಕು. ಕಾಲೇಜಿನವರ ಹತ್ರ ನಾನೇ ಬಂದು ಮಾತಾಡ್ತೀನಿ" ಎಂದೆ.

ಅವಳು ಪೆನ್ನು ಎತ್ತಲಿಲ್ಲ. "ಬೇಡ ಮೇಡಂ, ಆರ್ಟ್ಸ್ ಸಾಕು. ನಮ್ಮಂಥೋರಿಗೆ ಸೈನ್ಸ್ ಆಗಲ್ಲ" ಎಂದಳು.

ಅವಳ ಮುಖದಲ್ಲಿ ಕೊಂಕು ಹುಡುಕಿದೆ, ಸಿಟ್ಟು ಹುಡುಕಿದೆ. ಹುಡುಕುವುದರಲ್ಲಿ ನಾನು ಪಳಗಿದವಳು. ಒಂದೂ ಸಿಗಲಿಲ್ಲ. ಆ ಮಾತನ್ನು ಅವಳು ಮನಸ್ಸಿನಿಂದಲೇ ಆಡಿದ್ದಳು.

"ಆಗುತ್ತೆ ಕಣೇ. ನೀನು ಲೆಕ್ಕ ಮಾಡಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ" ಎಂದೆ.

ಅವಳು ನಂಬಲಿಲ್ಲ.