ಲಿಂಬಿಹಣ್ಣ ಕಟ್ಟೀರೇನು?

ಕಾರು ಹತ್ತಿದ ಕೂಡಲೆ ನಾನು "ಲಿಂಬಿಹಣ್ಣ ಕಟ್ಟೀರೇನು?" ಎಂದು ಕೇಳಿದರೆ, ಅಜ್ಜಿಗೆ ವಾಂತಿ ಬಂತೆಂದು ನೀವು ನಗುತ್ತೀರಿ. ಎದುರಿಗೆ ಕೂತು ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಬರೆದಿಟ್ಟರೆ ಓದಿಕೊಳ್ಳುತ್ತೀರಿ.

ನನ್ನ ಹಿರಿಯ ಮಗಳಿಗೆ, ಅಂದರೆ ನಿಮ್ಮ ದೊಡ್ಡವ್ವನಿಗೆ, ಆಗ ಐದು ವರ್ಷ. ನಾವು ತಾಂಬಾದಲ್ಲಿದ್ದೆವು. ಬಸವನ ಬಾಗೇವಾಡಿಯಲ್ಲಿ ನನ್ನ ಮಾವನವರ ತಂಗಿಯ ಮನೆ. ಅಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ನಿಮ್ಮ ಅಜ್ಜ ಮುಂಚೆಯೇ ಬಸ್ಸಿಗೆ ಹೋಗಿದ್ದರು. ನಮಗಾಗಿ ಮಾವನವರು ಸಿಂದಗಿಯಿಂದ ಬಾಡಿಗೆ ಮೋಟಾರು ತರಿಸಿದರು. ಅದರ ಡ್ರೈವರು ಮಾವನವರ ವಯಸ್ಸಿನ ಮುಸಲ್ಮಾನರು, ಎತ್ತಿನ ಸಂತೆಯ ಕಾಲದಿಂದ ಗೆಳೆಯರು. ತಾನೇ ಸಣ್ಣವನೆಂದು ತೋರಿಸಲು ಒಬ್ಬರನ್ನೊಬ್ಬರು ಕಾಕಾ ಎಂದು ಕರೆಯುತ್ತಿದ್ದರು.

ಮೋಟಾರಿನಲ್ಲಿ ನಾನು ಕೂತದ್ದು ಅದೇ ಮೊದಲು. ವಾಕರಿಕೆ ಬಂದರೆ ಮೂಸಲಿಕ್ಕೆ ಒಂದು ಲಿಂಬೆಹಣ್ಣು ಹಿಡಿದುಕೊಂಡಿದ್ದೆ. ವಾಕರಿಕೆ ಬರಲಿಲ್ಲ, ಬೆರಗಾಯಿತು. ಒಳಗೆ ಕೂತವರಿಗೆ ತಾವು ಓಡುತ್ತಿರುವುದೇ ತಿಳಿಯುವುದಿಲ್ಲ. ತೊಗರಿ ಹೊಲಗಳೇ ಹಿಂದಕ್ಕೆ ಓಡುತ್ತವೆ.

ಮಗಳಿಗೂ ತಿಳಿದಿರಲಿಲ್ಲ. ನಮ್ಮ ಕಡೆಯ ಮಕ್ಕಳು ನಡೆಯುವ ಬಂಡಿಯಿಂದಲೇ ಹಿಂದಕ್ಕೆ ಜಿಗಿದು, ಬಾರಿಹಣ್ಣು ಆರಿಸಿಕೊಂಡು, ಓಡಿಬಂದು ಮತ್ತೆ ಹತ್ತುತ್ತಾರೆ. ಸಿಂದಗಿ ದಾಟಿದ ಮೇಲೆ ದಾರಿಯ ಬದಿಗೆ ಬಾರಿಗಿಡ ಕಂಡಿತು. ಇವಳು ಎದ್ದವಳೇ ಬಾಗಿಲ ಹಿಡಿಕೆ ತಿರುವಿದಳು. ಆ ಹಳೆಯ ಮೋಟಾರಿನ ಬಾಗಿಲು ಮುಂದಿನಿಂದ ಹಿಂದಕ್ಕೆ ತೆರೆಯುವಂಥದು, ಗಾಳಿಗೆ ಪೂರ್ತಿ ತೆರೆದುಕೊಂಡಿತು. ನನ್ನ ಕೈಗೆ ಸಿಕ್ಕದ್ದು ಅವಳ ಲಂಗದ ಅಂಚು. ಡ್ರೈವರು ಬ್ರೇಕು ತುಳಿದರು. ಮಗಳು ಹೊರಗೆ ಬೀಳಲಿಲ್ಲ, ಆದರೆ ಮುಂದಿನ ಸೀಟಿಗೆ ಬಡಿದು ತುಟಿ ಒಡೆಯಿತು.

"ಇಳದು ಓಡಿ ಬಂದು ಹತ್ತತಿದ್ನಿ," ಎಂದಳು ಅಳುತ್ತ.

ಡ್ರೈವರು ಹಿಡಿಕೆಗೆ ದಾರ ಬಿಗಿದರು. ಮಾವನವರೊಡನೆ ನಾನು ನೇರ ಮಾತಾಡುತ್ತಿರಲಿಲ್ಲ. ಹೀಗಾಗಿ, ಇನ್ನು ತೊಡೆಯ ಮೇಲೆ ಗಟ್ಟಿ ಹಿಡಿದುಕೊಳ್ಳುತ್ತೇನೆಂದು ಮಗಳಿಗೇ ಹೇಳಿದೆ, ಅವರಿಗೆ ಕೇಳುವ ಹಾಗೆ. ಡ್ರೈವರು ನನ್ನ ಲಿಂಬೆಹಣ್ಣು ಇಸಕೊಂಡು, ನಮ್ಮನ್ನು ಕೆಳಗಿಳಿಸಿ, ಅದನ್ನು ಹಿಂದಿನ ಸೀಟಿನ ಮೇಲೆ ಇಟ್ಟರು. ಮೋಟಾರನ್ನು ಸ್ವಲ್ಪ ಹಿಂದಕ್ಕೆ ಒಯ್ದು, ಜೋರಾಗಿ ಓಡಿಸಿಕೊಂಡು ಬಂದು ನಮ್ಮ ಮುಂದೆಯೇ ಗಕ್ಕನೆ ನಿಲ್ಲಿಸಿದರು. ಹಣ್ಣು ಹಾರಿ ಮುಂದಿನ ಸೀಟಿಗೆ ಬಡಿದು ಬಿತ್ತು.

"ಬಂಡಿ ನಿಂತರ ಎಲ್ಲಾರೂ ನಿಂತಂಗ. ಮೋಟಾರ ನಿಂತರೂ ಒಳಗಿನವ್ರು ನಿಲ್ಲೂದಿಲ್ಲ, ತಂಗಿ. ನೀನೂ ಒಂದ ಲಿಂಬಿಹಣ್ಣ. ಹೋಗಿ ಕೂಸಿನ ಮ್ಯಾಲೇ ಬೀಳ್ತಿ."

ನನಗೆ ಇನ್ನೊಮ್ಮೆ ನೋಡಬೇಕೆನ್ನಿಸಿತು. ಮಗಳ ಕಿವಿಯಲ್ಲಿ ಹೇಳಿ ಕೇಳಿಸಿದೆ. ಇಲ್ಲೇ ಸಾಲಿ ತೆಗೆದು ಪಾಠ ಹೇಳುತ್ತೀಯೇನೆಂದು ಮಾವನವರು ಗೆಳೆಯನಿಗೆ ಚುಚ್ಚಿದರು, ಆದರೆ ಅವರೂ ಬಗ್ಗಿ ನೋಡಿದರು. ಎರಡನೆಯ ಸಲವೂ ಹಣ್ಣು ಹಾರಿತು. ನೂಕಿದವರಾರು? ನಾಲ್ಕನೆಯ ಇಯತ್ತೆಯವರೆಗೆ ಓದಿದ್ದೆ, ಇದನ್ನು ಯಾವ ಮಾಸ್ತರರೂ ಹೇಳಿರಲಿಲ್ಲ.

ಮಗಳನ್ನು ಸೀಟಿಗೆ ಕಟ್ಟಬೇಕೆಂಬುದು ಮೂವರಿಗೂ ತಿಳಿಯಿತು. ಯಾವುದರಿಂದ? ಹಗ್ಗ ಮೈ ಕೊರೆಯುತ್ತದೆ. ಡ್ರೈವರ ಟವೆಲು ಗೇಣು ಸಾಲಲಿಲ್ಲ. ಉಳಿದದ್ದು ಮಾವನವರ ರುಮಾಲು, ತಲೆಗೆ ಹತ್ತು ಸುತ್ತು ಸುತ್ತಿದ್ದು. ಗಂಡಸು ನಾಲ್ಕು ಮಂದಿಯ ಮುಂದೆ ಬರಿತಲೆಯಲ್ಲಿ ಬಂದರೆ ಮನೆಯಲ್ಲಿ ಸಾವಾಗಿದೆಯೆಂದೇ ಅರ್ಥ. ಅವರು ರಸ್ತೆಯನ್ನು ನೋಡಿದರು, ಮಗಳ ತುಟಿಯನ್ನು ನೋಡಿದರು. ಆಮೇಲೆ ಬಿಚ್ಚತೊಡಗಿದರು. ನಾನು ಮುಖ ತಿರುಗಿಸಿಕೊಂಡೆ.

ಡ್ರೈವರು ಸೀಟಿನ ಮೆತ್ತೆ ಎತ್ತಿ, ಕೆಳಗಿನ ಕಬ್ಬಿಣದ ಪಟ್ಟಿಗೆ ರುಮಾಲು ತೂರಿಸಿ ಮೇಲೆ ತಂದರು. ಮಾವನವರು ಅದನ್ನು ಮಗಳ ನಡುವಿಗೆ ಸುತ್ತಿ, ಎತ್ತಿಗೆ ಹಾಕುವ ಗಂಟು ಹಾಕಿದರು. ತಾನು ಎತ್ತಾದೆನೆಂದು ಅವಳಿಗೆ ಖುಷಿ. ಮುಂದೆ ಒಂದು ಎಮ್ಮೆ ಅಡ್ಡ ಬಂದು ಮತ್ತೆ ಬ್ರೇಕು ಬಿತ್ತು. ನನ್ನ ಹಣೆ ಮುಂದಿನ ಸೀಟಿಗೆ ತಾಗಿತು. ಅವಳು ಕೂತಲ್ಲೇ ಇದ್ದಳು.

ಬಾಗೇವಾಡಿ ಮುಟ್ಟುವಾಗ ನಿದ್ದೆ ಹೋಗಿದ್ದಳು. ಎಬ್ಬಿಸುವುದು ಬೇಡವೆಂದು ಮಾವನವರು ಹಾಗೇ ಇಳಿದರು. ಬಾಗಿಲಲ್ಲಿ ನಿಂತಿದ್ದ ತಂಗಿ ಅಣ್ಣನ ಬರಿತಲೆ ನೋಡಿದವರೇ ಬಾಯಿ ಬಡಿದುಕೊಂಡು ಅಳತೊಡಗಿದರು. ಒಳಗಿನ ಹೆಂಗಸರೂ ಓಡಿಬಂದು ದನಿ ಕೂಡಿಸಿದರು. ಯಾರು ಹೋದರೆಂದು ಯಾರಿಗೂ ಗೊತ್ತಿಲ್ಲ, ಅಳುವುದು ಮಾತ್ರ ನಿಲ್ಲಲಿಲ್ಲ. ನಿಮ್ಮ ಅಜ್ಜ ಬಂದವರು ನನ್ನನ್ನು ನೋಡಿ, ಮಗಳು ಕಾಣದೆ ಬಿಳಿಚಿಕೊಂಡರು. ನಾನು ಮೋಟಾರಿನೊಳಗೆ ಬೆರಳು ಮಾಡಿದೆ.

ಮಾವನವರು ಮೆಲ್ಲಗೆ ಹೇಳಿದರು: "ಯಾರೂ ಹೋಗಿಲ್ಲವ್ವಾ. ಹೋಗಬಾರದಂತನ ಬಿಚ್ಚೇನಿ."

ಊರಿಗೆ ಮರಳುವಾಗ ತಂಗಿ ಹೊಸ ರುಮಾಲು ಉಡುಗೊರೆ ಕೊಟ್ಟರು, ಇನ್ನೊಮ್ಮೆ ಹೀಗೆ ಅಳಿಸಬೇಡವೆಂದು. ಅದು ತಲೆಗಾಯಿತು, ಹಳೆಯದು ಮಗಳಿಗೆ. ಡ್ರೈವರು ಮೋಟಾರು ಹೊರಡಿಸುವ ಮೊದಲು ಹಿಂದೆ ತಿರುಗಿ ಕೇಳಿದರು:

"ಕಾಕಾ, ಲಿಂಬಿಹಣ್ಣ ಕಟ್ಟೀರೇನು?"

ಮಾವನವರು ಗಂಟನ್ನು ಒಮ್ಮೆ ಜಗ್ಗಿ ನೋಡಿ, ಹೂಂ ಎಂದರು.